ನೀಲಿ ಬಂದ ದಿನದ ಸಿಹಿ

ಸ್ಪಿರಿಟ್ ವಾಸನೆ ಬಂದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೆ, ನನಗೆ ಬೆಲ್ಲದ ಪಾಕ ನೆನಪಾಗುತ್ತದೆ. ಹೋದ ತಿಂಗಳು ಚಿತ್ರದುರ್ಗದ ಲ್ಯಾಬೊಂದರಲ್ಲಿ ರಕ್ತ ಕೊಡಲು ತೋಳು ಚಾಚಿ ಕುಳಿತಾಗಲೂ ಹಾಗೇ ಆಯಿತು. ನರ್ಸ್ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೊಣಕೈ ಒರೆಸಿದಳು, ಅಷ್ಟಕ್ಕೇ ನಾನು ಹೊಸದುರ್ಗದ ನಮ್ಮ ಹಳೆಯ ಹೆಂಚಿನ ಮನೆಯ ಹಿತ್ತಿಲಲ್ಲಿದ್ದೆ. ಮುಖ ಯಾಕೆ ಹಾಗಾಯ್ತು, ಸೂಜಿಗೆ ಹೆದರ್ತೀರಾ ಅಜ್ಜಿ ಎಂದು ಕೇಳಿದಳು. ಹೌದಮ್ಮ ಎಂದುಬಿಟ್ಟೆ. ಅರವತ್ತೈದು ದಾಟಿದವಳಿಗೆ ಇನ್ನೊಂದು ಸುಳ್ಳು ಭಾರವಾಗುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಯುಗಾದಿಯ ಹಿಂದುಮುಂದಿನಿಂದ ದೀಪಾವಳಿಯವರೆಗೆ, ಆ ಮನೆಯಲ್ಲಿ ದಿನಾ ಬೆಳಿಗ್ಗೆ ಎರಡು ಉರಿ ಏಳುತ್ತಿದ್ದವು. ಒಳಗೆ ಅಮ್ಮನ ಸೌದೆ ಒಲೆ. ಹಿತ್ತಿಲ ಬಾಗಿಲಾಚೆ ಬಚ್ಚಲ ಕಟ್ಟೆಯ ಮೇಲೆ ನನ್ನ ಸ್ಪಿರಿಟ್ ದೀಪ. ಒಲೆಯ ಮೇಲೆ ಬೆಲ್ಲ ಕರಗಬೇಕೋ ಬೇಡವೋ ಎಂಬುದನ್ನು ಆ ದೀಪ ಹೇಳುತ್ತಿತ್ತು, ಅದನ್ನು ನಾನು ಮನೆಯವರಿಗೆ ಹೇಳುತ್ತಿದ್ದೆ. ಅದು ಹೇಳಿದ್ದನ್ನೇ ಹೇಳಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಅಪ್ಪ ಸರ್ವೇ ಇಲಾಖೆಯಲ್ಲಿದ್ದರು. ನಮ್ಮ ಕಡೆ ತಿಪ್ಪೇಸ್ವಾಮಿ ಎಂದು ಬೀದಿಯಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ, ಸರ್ವೇ ತಿಪ್ಪೇಸ್ವಾಮಿ ಎಂದರೆ ಮಾತ್ರ ಅಪ್ಪ. ಸರಪಳಿ ಹಿಡಿಯುವ ಇಬ್ಬರನ್ನು ಕರೆದುಕೊಂಡು ತಾಲ್ಲೂಕಿನ ಹೊಲಗಳ ಬದುವಿನ ಮೇಲೆ ಓಡಾಡುವ ಕೆಲಸ. ಶ್ರೀರಾಂಪುರದ ಬಸ್ಸು ತಪ್ಪಿದಾಗ ಬೇರೆಯವರು ಬೈದುಕೊಂಡರೆ ಅಪ್ಪ ಪಂಚೆ ಎತ್ತಿ ಕಟ್ಟಿ ಅಡ್ಡದಾರಿ ಹಿಡಿಯುತ್ತಿದ್ದರು. ಯಾವ ಹೊಲದ ಮೂಲೆಯಲ್ಲಿ ಗಡಿಕಲ್ಲು ವಾಲಿದೆ, ಯಾವ ಬದುವಿನ ಮೇಲೆ ಯಾರು ಯಾವಾಗ ಜಗಳ ಆಡಿದ್ದರು, ಎಲ್ಲ ಅವರ ಕಾಲಿಗೆ ಗೊತ್ತಿತ್ತು. ನಡಿಗೆ ಬಿಟ್ಟರೆ ಅವರಿಗೆ ಇದ್ದ ಇನ್ನೊಂದೇ ಆಸೆ ಸಿಹಿ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಹೋಟೆಲಿನ ಕಾಫಿಯೂ ಇಲ್ಲ. ಬಿಸಿಲಲ್ಲಿ ಬೆಂದು ಬಂದು ಜಗುಲಿಯ ಮೇಲೆ ಕುಳಿತ ಕೂಡಲೇ ಅಮ್ಮ ಕೈಗೆ ಕೊಡುವ ಒಂದು ಚೊಂಬು ಪಾನಕ ಸಾಕು.

ಅಮ್ಮನಿಗೆ ಓದು ಬರುತ್ತಿರಲಿಲ್ಲ, ಪಾಕ ಬರುತ್ತಿತ್ತು. ಬೇಲದ ಹಣ್ಣಿನ ಕಾಲದಲ್ಲಿ ಬೇಲದ ಪಾನಕ, ಇಲ್ಲದಾಗ ನಿಂಬೆಹಣ್ಣಿನದು, ಎರಡಕ್ಕೂ ಏಲಕ್ಕಿ, ಮೆಣಸು, ಒಂದು ಚಿಟಿಕೆ ಉಪ್ಪು, ಮೇಲೆ ನೆನೆಸಿದ ಕಾಮಕಸ್ತೂರಿ ಬೀಜ. ಉಂಡೆ ಕಟ್ಟುವಾಗ ಅವಳು ಪಾಕವನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಬಾಣಲೆಯಲ್ಲಿ ಬೆಲ್ಲ ಕುದಿಯುವ ಸದ್ದು ಬದಲಾದ ಕೂಡಲೇ ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ, ಇಳಿಸ್ರಿ ಎನ್ನುತ್ತಿದ್ದಳು. ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಗಿರಿಜಮ್ಮನನ್ನು ಪಾಕಕ್ಕೆ ಕರೆಯುತ್ತಿದ್ದರು. ಹೋಗಿ ಬಂದ ದಿನ ಅಮ್ಮನ ನಡಿಗೆಯಲ್ಲೇ ಒಂದು ಗತ್ತು ಇರುತ್ತಿತ್ತು. ಮಾಡಿದ ಮೊದಲ ಉಂಡೆ ಅಪ್ಪನ ಕೈಗೆ. ಅವರು ಕಚ್ಚಿ, ಕಣ್ಣು ಮುಚ್ಚಿ, ತಲೆ ಆಡಿಸಿದ ಮೇಲೆಯೇ ಡಬ್ಬಿ ತುಂಬುವುದು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಅಪ್ಪನಿಗೆ ಬಾಯಾರಿಕೆ ಶುರುವಾಯಿತು. ಬಿಸಿಲೆಂದುಕೊಂಡೆವು. ದೇಹಕ್ಕೆ ತಂಪಾಗಲಿ ಎಂದು ಅಮ್ಮ ಒಂದು ಚೊಂಬು ಪಾನಕವನ್ನು ಎರಡು ಮಾಡಿದಳು. ಅಂಗಿ ಸಡಿಲವಾಯಿತು, ಕೆನ್ನೆ ಒಳಗೆ ಹೋಯಿತು, ಹಿತ್ತಿಲಿಗೆ ಹೋಗಿಬರುವುದೇ ಒಂದು ಕೆಲಸವಾಯಿತು. ಕೊನೆಗೆ ಕಚೇರಿಯವರೇ ಬಲವಂತ ಮಾಡಿ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು. ಹೊಳಲ್ಕೆರೆ ಮೇಲಿನ ಬಸ್ಸಿನಲ್ಲಿ ವಾಪಸ್ಸು ಬಂದಾಗ ಅವರ ಚೀಲದಲ್ಲಿ ಮಾತ್ರೆ ಶೀಷೆ, ನೀಲಿ ನೀರಿನ ಒಂದು ಬಾಟಲಿ, ಎರಡು ಗಾಜಿನ ಕೊಳವೆ, ಒಂದು ಇಕ್ಕಳ, ಒಂದು ಪುಟ್ಟ ಸ್ಪಿರಿಟ್ ದೀಪ ಇದ್ದವು. ಸಕ್ಕರೆ ಕಾಯಿಲೆ ಎಂದರು. ಅಮ್ಮ ಮೊದಲು ನಕ್ಕಳು. ಸಕ್ಕರೆಗೂ ಕಾಯಿಲೆಗೂ ಏನು ಸಂಬಂಧವೆಂದು ಅವಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಒಲೆಯ ಮುಂದೆ ಸುಮ್ಮನೆ ಕುಳಿತಳು, ಅನ್ನ ಸೀದ ವಾಸನೆ ಬಂದರೂ ಏಳಲಿಲ್ಲ.

ಹಿಂದಿನ ವರ್ಷ ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದು ಮನೆಯಲ್ಲಿದ್ದೆ. ವಿಜ್ಞಾನದಲ್ಲಿ ಮಾತ್ರ ಹೇಗೋ ಪಾಸಾಗಿದ್ದೆ. ಆದ್ದರಿಂದ ದೀಪ, ಕೊಳವೆ ನನ್ನ ಪಾಲಿಗೆ ಬಂದವು. ಕೊಳವೆಗೆ ಗುರುತಿನವರೆಗೆ ನೀಲಿ ನೀರು ಸುರಿಯಬೇಕು, ಅಪ್ಪ ಬಟ್ಟಲಲ್ಲಿ ಹಿಡಿದಿಟ್ಟ ಬೆಳಗಿನ ಮೂತ್ರದಿಂದ ಎಂಟು ಹನಿ ಬಿಡಬೇಕು, ಇಕ್ಕಳದಲ್ಲಿ ಹಿಡಿದು ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ. ಹಳದಿ, ಕಿತ್ತಳೆ ಎಂದು ಏರುತ್ತಾ ಇಟ್ಟಿಗೆ ಕೆಂಪಿಗೆ ಬಂದರೆ ಹದ ಮೀರಿದೆ ಎಂದರ್ಥ. ಬಂದ ಬಣ್ಣವನ್ನು ನನ್ನ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೆ, ತಿಂಗಳಿಗೊಮ್ಮೆ ಅಪ್ಪ ಅದನ್ನು ಊರಿನ ಡಾಕ್ಟರಿಗೆ ತೋರಿಸುತ್ತಿದ್ದರು.

ಅಮ್ಮ ಮನೆಗೆ ಒಂದು ಕಾನೂನು ಮಾಡಿದಳು. ಅಪ್ಪ ತಿನ್ನದ್ದನ್ನು ಯಾರೂ ತಿನ್ನುವ ಹಾಗಿಲ್ಲ. ಡಬ್ಬಿಗಳಲ್ಲಿದ್ದ ಕೊಬ್ಬರಿ ಮಿಠಾಯಿ, ಶೇಂಗಾ ಉಂಡೆ ಎಲ್ಲ ಪಕ್ಕದ ಮನೆಗೆ ಹೋದವು, ಬೆಲ್ಲದ ಅಚ್ಚುಗಳು ಅಟ್ಟ ಹತ್ತಿದವು. ನಾನು ಗೊಣಗಿದ್ದಕ್ಕೆ ಒಂದೇ ಮಾತು.

"ಅವರ ಮುಂದೆ ಮೆಲುಕು ಹಾಕ್ತಾ ಕುಂತ್ಕಳಾಕೆ ನಾವೇನು ದನಾನೇನೆ?"

ಆ ಯುಗಾದಿಗೆ ಹೋಳಿಗೆ ಇಲ್ಲ. ಬೇವಿನ ಹೂವಿನ ಜೊತೆ ಒಂದು ಹರಳು ಬೆಲ್ಲ, ಅಷ್ಟೇ. ಅಪ್ಪ ಬಂದವರ ಮುಂದೆ ತಮಾಷೆ ಮಾಡಿದರು, ಈ ವರ್ಷ ನಮ್ಮನೇಲಿ ಬರೀ ಬೇವು ಎಂದರು. ಅಮ್ಮ ನಗಲಿಲ್ಲ. ಅವಳಿಗೆ ಕೈ ಕಟ್ಟಿಹಾಕಿದಂತಾಗಿತ್ತು. ಮದುವೆ ಮನೆಯವರು ಪಾಕಕ್ಕೆ ಕರೆಯಲು ಬಂದರೆ ಹುಷಾರಿಲ್ಲ ಎನ್ನುತ್ತಿದ್ದಳು. ಅಡುಗೆಯೂ ಯಾರಿಗೋ ಕೂಲಿ ಮಾಡುವವಳಂತೆ ಮಾಡಿ ಮುಗಿಸುತ್ತಿದ್ದಳು.

ಯುಗಾದಿಯ ನಂತರ ಮಾತ್ರೆ ಹಿಡಿಯಿತು. ಹಳದಿ ಹಸಿರಾಯಿತು, ಒಂದು ಬೆಳಿಗ್ಗೆ ಕುದಿಸಿ ಕುದಿಸಿ ನೋಡಿದರೂ ನೀಲಿ ನೀಲಿಯಾಗಿಯೇ ಉಳಿಯಿತು. ಅಪ್ಪ ಅದನ್ನು ಡಾಕ್ಟರಿಗೆ ಹೇಳಿದಾಗ ಅವರು ಖುಷಿಯಲ್ಲಿ, ನೀಲಿ ಬಂದ ದಿನ ಒಂದು ಚೂರು ಸಿಹಿ ತಿಂದರೆ ಪ್ರಾಣವೇನೂ ಹೋಗಲ್ಲ ಬಿಡ್ರಿ ಎಂದರಂತೆ. ಅವರು ಮಾತಿಗೆ ಹೇಳಿದ್ದು. ಅಮ್ಮನಿಗೆ ಅದು ಸರ್ಕಾರಿ ಆದೇಶವಾಯಿತು. ಅಟ್ಟದಿಂದ ಬೆಲ್ಲ ಇಳಿಯಿತು. ಮುಂದಿನ ನೀಲಿಯ ದಿನ ಅರ್ಧ ಲೋಟ ಬೇಲದ ಪಾನಕ ಅಪ್ಪನ ಮುಂದೆ ಬಂತು. ಅವರು ಅದನ್ನು ಕುಡಿಯಲು ತೆಗೆದುಕೊಂಡ ಹೊತ್ತಿನಲ್ಲಿ ನಾವು ಊಟ ಮುಗಿಸಬಹುದಿತ್ತು. ಲೋಟದ ತಳದಲ್ಲಿ ಉಳಿದ ಕಾಮಕಸ್ತೂರಿಯನ್ನು ಬೆರಳಲ್ಲಿ ತೆಗೆದು ತಿಂದರು.

ಅಂದಿನಿಂದ ನೀಲಿ ಬಂದ ದಿನ ಮನೆಯಲ್ಲಿ ಸಿಹಿ. ಬೇರೆ ಬಣ್ಣ ಬಂದ ದಿನ ಯಾರಿಗೂ ಇಲ್ಲ. ಬೆಳಿಗ್ಗೆ ನಾನು ದೀಪ ಆರಿಸಿ ಹಿತ್ತಿಲ ಬಾಗಿಲಿಗೆ ಬಂದರೆ ಅಮ್ಮ ಊದುಗೊಳವೆ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದಳು, ಅಪ್ಪ ಹಲ್ಲುಜ್ಜುವುದನ್ನು ನಿಲ್ಲಿಸುತ್ತಿದ್ದರು. ಏನವ್ವ, ಯಾವ ಬಣ್ಣ ಎನ್ನುತ್ತಿದ್ದರು. ನಾನು ಕುದಿಸುವ ಹೊತ್ತಿನಲ್ಲಿ ಬಚ್ಚಲ ಕಡೆ ಅಮ್ಮ ತಲೆ ಹಾಕುತ್ತಿರಲಿಲ್ಲ, ಅದು ಮೈಲಿಗೆ. ಅಪ್ಪನಿಗೆ ಆಗಲೇ ಕಣ್ಣು ಮಂಜು, ಕೊಳವೆಯ ಬಣ್ಣ ಸರಿಯಾಗಿ ಹತ್ತುತ್ತಿರಲಿಲ್ಲ. ಗಣಿತದಲ್ಲಿ ಫೇಲಾದವಳ ಬಾಯಿಂದ ಬರುವ ಒಂದು ಮಾತಿಗೆ ಇಡೀ ಮನೆ ಕಾಯುತ್ತಿತ್ತು. ಸುಳ್ಳೇಕೆ ಹೇಳಲಿ, ನನಗದು ಹಿಡಿಸಿತ್ತು.

ಆಷಾಢದ ಗಾಳಿ ಎದ್ದಿತು. ನಮ್ಮ ಕಡೆ ಆಷಾಢವೆಂದರೆ ಮಳೆಗಿಂತ ಗಾಳಿಯೇ ಜಾಸ್ತಿ, ತೆಂಗಿನ ಗರಿಗಳ ಸದ್ದಿನಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ, ಅನ್ನದ ತಟ್ಟೆಗೂ ಧೂಳು. ಅಪ್ಪನಿಗೆ ಸರ್ಕೀಟು ಹೆಚ್ಚಾಯಿತು. ವಾರಗಟ್ಟಲೆ ಹಳ್ಳಿಗಳಲ್ಲಿ ಉಳಿದು, ಯಾರೋ ಹಾಕಿದ್ದನ್ನು ಉಂಡು, ಮಾತ್ರೆ ಮುಗಿದರೂ ತರಿಸಿಕೊಳ್ಳದೆ ಬರುತ್ತಿದ್ದರು. ಕೊಳವೆಯಲ್ಲಿ ಹಸಿರು ಮತ್ತೆ ಹಳದಿಯಾಯಿತು, ಹಳದಿ ಕಿತ್ತಳೆಯಾಯಿತು. ನಾನು ಬಂದದ್ದನ್ನು ಬಂದ ಹಾಗೇ ಹೇಳುತ್ತಿದ್ದೆ. ಬೆಲ್ಲ ಮತ್ತೆ ಅಟ್ಟ ಹತ್ತಿತು.

ಶ್ರಾವಣ ಬಂತು, ಪಂಚಮಿಗೆ ನಾಲ್ಕು ದಿನವಿರುವಾಗ ಶಾರದಕ್ಕ ಬಂದಳು. ಅಕ್ಕನನ್ನು ಹಿಂದಿನ ವರ್ಷದ ಬೇಸಿಗೆಯಲ್ಲಿ ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಕೊಟ್ಟಿತ್ತು. ಮೊದಲ ಪಂಚಮಿ ಅವಳ ಮಾವನ ಸೂತಕದಲ್ಲಿ ಕಳೆದುಹೋಗಿತ್ತು, ಆದ್ದರಿಂದ ಮದುವೆಯಾದ ಮೇಲೆ ತವರಿಗೆ ಪಂಚಮಿಗೆ ಬರುತ್ತಿದ್ದುದು ಇದೇ ಮೊದಲು. ಹಬ್ಬ ಮುಗಿಸಿ ಹೋಗುವ ಹೆಣ್ಣುಮಗಳು ಬುಟ್ಟಿ ತುಂಬ ಉಂಡೆ ಒಯ್ಯಬೇಕು. ಎಳ್ಳುಂಡೆ, ಶೇಂಗಾ ಉಂಡೆ, ರವೆ ಉಂಡೆ, ಪುಟಾಣಿ ಉಂಡೆ, ಮಂಡಕ್ಕಿ ಉಂಡೆ, ಐದು ಥರ. ಗಂಡನ ಮನೆಯ ಬೀದಿಯಲ್ಲೆಲ್ಲ ಹಂಚುತ್ತಾರೆ, ಹಂಚುವಾಗ ತವರಿನ ಅಳತೆ ನಡೆಯುತ್ತದೆ. ಅಕ್ಕನ ಮದುವೆಯಲ್ಲೇ ಅಮ್ಮ ಬೀಗರಿಗೆ ಹೇಳಿಬಿಟ್ಟಿದ್ದಳು, ಪಂಚಮಿಗೆ ನನ್ನ ಕೈಯ ಉಂಡೆ ತಿಂದು ನೋಡಿ ಮಾತಾಡ್ರಿ ಎಂದು.

ಆದರೆ ಈಗ ಅಮ್ಮ ಒಲೆ ಹಚ್ಚಲು ಸಿದ್ಧಳಿಲ್ಲ. ಕಿತ್ತಳೆ ಬಂದ ಮನೆಯಲ್ಲಿ ಪಾಕ ಏಳುವುದಿಲ್ಲ, ಪೇಟೆಯ ಅಂಗಡಿಯಿಂದ ತರಿಸಿ ಬುಟ್ಟಿ ತುಂಬೋಣ ಎಂದಳು. ಅಕ್ಕ ಜಗಳವಾಡಲಿಲ್ಲ, ಅದೇ ಕಷ್ಟ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು, ಅಂಗಡಿಯದೇ ಆಗಲಿ ಬಿಡಮ್ಮ ಎಂದಳು. ಆಮೇಲೆ ನನ್ನ ಜೊತೆ ಹೂ ಕಟ್ಟುತ್ತಾ ಕುಳಿತಾಗ ಮೆಲ್ಲಗೆ ಹೇಳಿದಳು, ಅತ್ತೆ ಈಗಾಗಲೇ ನೆರೆಯವರಿಗೆಲ್ಲ ಹೇಳಿಟ್ಟಿದ್ದಾರೆ, ಅಂಗಡಿಯದನ್ನು ಒಯ್ದರೆ ಅಲ್ಲಿ ತಲೆಯೆತ್ತಲು ಬಿಡುವುದಿಲ್ಲ ಎಂದು. ಅಪ್ಪ ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿರಬೇಕು. ಬಂದು, ನಾನು ತಿನ್ನದಿದ್ದರಾಯ್ತು, ನೀವು ಮಾಡ್ರಿ ಎಂದರು. ಅಮ್ಮ ಒಪ್ಪಲಿಲ್ಲ. ಮೊದಲ ಉಂಡೆ ಯಾರ ಕೈಗೆ ಇಡ್ಲಿ, ಎಂದಳು.

ಮರುದಿನ ಬೆಳಿಗ್ಗೆ ಜಿಟಿಜಿಟಿ ಹನಿಯುತ್ತಿತ್ತು. ಬಚ್ಚಲ ಕಟ್ಟೆಗೆ ಗೋಣಿಚೀಲ ಅಡ್ಡ ಹಿಡಿದು ದೀಪ ಹಚ್ಚಿದೆ. ಎಂಟು ಹನಿ ಬಿಟ್ಟೆ, ಕುದಿಸಿದೆ. ಹಸಿರು ಒಂದು ಕ್ಷಣವೂ ನಿಲ್ಲಲಿಲ್ಲ, ಹಳದಿ ದಾಟಿತು, ಕಿತ್ತಳೆ ದಾಟಿತು, ಕೊನೆಗೆ ಕೊಳವೆಯ ತಳದಲ್ಲಿ ಇಟ್ಟಿಗೆಯ ಪುಡಿ ಕೂತಂತೆ ಕೆಂಪು ಕೂತಿತು. ಅಷ್ಟು ಕೆಂಪನ್ನು ನಾನು ಅದುವರೆಗೆ ನೋಡಿರಲಿಲ್ಲ. ಅದನ್ನು ಬಚ್ಚಲ ಮೋರಿಗೆ ಸುರಿದು ಒಂದು ಚೊಂಬು ನೀರು ಹಾಕಿದೆ. ಯೋಚಿಸಿ ಮಾಡಿದೆನೇ ಎಂದರೆ, ಹೌದು, ಯೋಚಿಸಿಯೇ ಮಾಡಿದೆ. ಹಬ್ಬ ಮೂರು ದಿನ, ಆಮೇಲೆ ನಿಜ ಹೇಳಿದರಾಯಿತು, ಮೂರು ದಿನಕ್ಕೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಲೆಕ್ಕದಲ್ಲಿ ನಾನು ಎಷ್ಟು ಬುದ್ಧಿವಂತೆ ಎಂಬುದು ಶಾಲೆಯವರಿಗೆ ಗೊತ್ತಿತ್ತು.

ಬಾಗಿಲಿಗೆ ಬಂದೆ. ಅಪ್ಪ ಕೇಳುವ ಮೊದಲೇ ನೀಲಿ ಎಂದೆ.

ಅಮ್ಮ ನಂಬಲಾರದವಳಂತೆ ಎದ್ದು ನಿಂತಳು. ಅಪ್ಪ ಹಲ್ಲುಪುಡಿಯ ಕೈಯನ್ನು ಹಾಗೇ ಹಿಡಿದುಕೊಂಡು, "ಖಂಡಿತ ಏನವ್ವ?" ಎಂದರು.

"ಖಂಡಿತ ಅಪ್ಪ," ಎಂದೆ.

ಅರ್ಧ ಗಂಟೆಯೊಳಗೆ ಮನೆಯೆಲ್ಲ ಎಳ್ಳು ಹುರಿದ ವಾಸನೆ. ಅಮ್ಮ ನಾಲ್ಕು ತಿಂಗಳಿಂದ ತೆರೆಯದ ಬಾಯಿ ತೆರೆದು ಹಾಡುತ್ತಿದ್ದಳು, ಅಕ್ಕ ಕೊಬ್ಬರಿ ತುರಿಯುತ್ತಿದ್ದಳು, ನಾನು ಕೈಗೆ ತುಪ್ಪ ಸವರಿಕೊಂಡು ಬಿಸಿ ಬಿಸಿ ಪಾಕದಲ್ಲಿ ಉಂಡೆ ಕಟ್ಟುತ್ತಿದ್ದೆ. ಬೆರಳು ಸುಟ್ಟವು. ಸುಡಲಿ ಎಂದುಕೊಂಡದ್ದು ಚೆನ್ನಾಗಿ ನೆನಪಿದೆ. ಮೊದಲ ಎಳ್ಳುಂಡೆ ಅಪ್ಪನ ಕೈಗೆ ಹೋಯಿತು. ಅವರು ಕಚ್ಚಿದರು, ಕಣ್ಣು ಮುಚ್ಚಿದರು, ಅಮ್ಮ ಅವರ ಮುಖ ನೋಡುತ್ತಾ ನಿಂತಳು. ಆ ದಿನದಷ್ಟು ಚೆಲುವಾಗಿ ಅಮ್ಮನನ್ನು ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಎರಡನೆಯದನ್ನು ಅವರು ಕೇಳಲಿಲ್ಲ, ಅಮ್ಮನೇ ಇಟ್ಟಳು.

ಪಂಚಮಿ ಆಯಿತು. ಜೋಕಾಲಿ ಆಡಿದೆವು. ಅಕ್ಕ ಬುಟ್ಟಿ ಹೊತ್ತು ತಾಳ್ಯಕ್ಕೆ ಹೋದಳು, ಅಲ್ಲಿಂದ ಬೀಗತಿ ಉಂಡೆಯನ್ನು ಹೊಗಳಿ ಹೇಳಿಕಳಿಸಿದರು. ಮೂರು ದಿನ ಕಳೆದವು, ನಾನು ನಿಜ ಹೇಳಲಿಲ್ಲ. ನಿನ್ನೆಯವರೆಗೆ ನೀಲಿ ಎಂದವಳು ಇವತ್ತು ಕೆಂಪು ಎನ್ನುವುದು ಹೇಗೆ? ಹೇಳಿದರೆ ಅಮ್ಮ ತನ್ನ ಉಂಡೆಯಿಂದಲೇ ಆಯಿತೆಂದು ಎದೆ ಬಡಿದುಕೊಳ್ಳುತ್ತಾಳೆ. ಮೆಲ್ಲಗೆ ಇಳಿಸೋಣವೆಂದು ಒಂದು ದಿನ ಹಸಿರು ಎಂದೆ, ಮರುದಿನ ಅಮ್ಮನ ಮುಖ ನೋಡಲಾರದೆ ನೀಲಿ ಎಂದೆ. ಹಸಿರು, ನೀಲಿ, ನೀಲಿ, ಹಸಿರು. ಕೊಳವೆಯಲ್ಲಿ ಕೆಂಪು, ನೋಟ್‌ಬುಕ್ಕಿನಲ್ಲಿ ನೀಲಿ. ಅಪ್ಪ ಸರ್ಕೀಟಿಗೆ ಹೋಗುವಾಗ ಅಮ್ಮ ಪುಟ್ಟ ಡಬ್ಬಿಯಲ್ಲಿ ಎರಡು ಉಂಡೆ ಕಟ್ಟಿಕೊಡತೊಡಗಿದಳು. ನೀಲಿ ಬಂದವರಿಗೆ ಏನು ಭಯ.

ಗಣೇಶನ ಹಬ್ಬದ ನಂತರ ಅಪ್ಪ ನೋಟ್‌ಬುಕ್ ತೆಗೆದುಕೊಂಡು ಡಾಕ್ಟರ ಬಳಿ ಹೋಗಿ ನಗುತ್ತಾ ಬಂದರು. ಪಟ್ಟಿ ನೋಡಿ ಡಾಕ್ಟರು ಮಾತ್ರೆಯನ್ನು ಅರ್ಧಕ್ಕಿಳಿಸಿದ್ದರು. ನಿಮ್ಮ ಮಗಳು ಅಚ್ಚುಕಟ್ಟಾಗಿ ಬರೀತಾಳೆ ಎಂದೂ ಹೇಳಿದ್ದರಂತೆ. ಅದುವರೆಗಿನದು ಹುಡುಗಾಟ ಎನ್ನಬಹುದು. ಆ ಸಂಜೆ ಬಾಯಿ ಮುಚ್ಚಿಕೊಂಡದ್ದಕ್ಕೆ ನನ್ನ ಬಳಿ ಹೆಸರಿಲ್ಲ. ಬಾಗಿಲವರೆಗೆ ಹೋದೆ. ಅಪ್ಪ ಜಗುಲಿಯ ಮೇಲೆ ಕುಳಿತು ಅಮ್ಮನಿಗೆ ಹೊಸ ಬೆಲ್ಲದ ಮಾತು ಹೇಳುತ್ತಿದ್ದರು. ನೀರು ಬೇಕಾ ಎಂದು ಕೇಳಿ ಒಳಗೆ ಬಂದೆ.

ದೀಪಾವಳಿಗೆ ಹತ್ತು ಹನ್ನೆರಡು ದಿನ ಮುಂಚೆ ಅಪ್ಪ ಶ್ರೀರಾಂಪುರದ ಕಡೆಯಿಂದ ಮಧ್ಯಾಹ್ನದ ಬಸ್ಸಿಗೆ ಬಂದರು. ಜಗುಲಿಯ ಮೇಲೆ ಕುಳಿತು ಚಪ್ಪಲಿ ಬಿಡಲು ನೋಡಿದರು, ಎಡಗಾಲಿನದು ಬಿಡಲಿಲ್ಲ. ಕಾಲು ಕೊಡವಿದರೂ ಬರಲಿಲ್ಲ. ಇದೇನಿದು ಅಂಟು ಹಾಕಿದಂಗೈತೆ, ಎಂದು ನಕ್ಕು ನನ್ನನ್ನು ಕರೆದರು. ಬಗ್ಗಿ ನೋಡಿದೆ. ಜಾಲಿ ಮುಳ್ಳೊಂದು ಚಪ್ಪಲಿಯ ಅಟ್ಟೆಯನ್ನು ತೂರಿ ಪಾದದೊಳಗೆ ಹೋಗಿ ಎರಡನ್ನೂ ಸೇರಿಸಿ ಹೊಲಿದುಬಿಟ್ಟಿತ್ತು. ಬೆರಳುದ್ದದ ಮುಳ್ಳು. ಎಲ್ಲಿ ತುಳಿದಿರಿ ಎಂದರೆ ಅವರಿಗೆ ಗೊತ್ತಿಲ್ಲ. ಬೆಳಗ್ಗೆಯಿಂದ ಅದರ ಮೇಲೇ ಹೊಲ ಅಳೆದಿದ್ದರು. ನೋವಾಗಲಿಲ್ವಾ ಎಂದೆ. ಇಲ್ಲವಲ್ಲ ಎಂದರು, ಅವರಿಗೇ ಆಶ್ಚರ್ಯ.

ನಾನು ಇಕ್ಕಳ ತಂದು ಮುಳ್ಳು ಕಿತ್ತೆ. 

ಅರಿಶಿನ ಮೆತ್ತಿ ಬಟ್ಟೆ ಕಟ್ಟಿದೆವು. ಗಾಯ ಮಾಯಲಿಲ್ಲ. ನಾಲ್ಕನೆಯ ದಿನ ಪಾದ ಊದಿತು, ವಾರದೊಳಗೆ ಬೆರಳು ಕಪ್ಪಾಗಿ ವಾಸನೆ ಬಂತು. ಚಿತ್ರದುರ್ಗದ ಆಸ್ಪತ್ರೆಗೆ ಕಾರು ಮಾಡಿಕೊಂಡು ಹೋದೆವು. ಅಲ್ಲಿ ಬಂದ ದೊಡ್ಡ ಡಾಕ್ಟರು ಮೊದಲು ಮೂತ್ರ ಕುದಿಸಿ ನೋಡಿದರು, ಆಮೇಲೆ ನಮ್ಮ ನೋಟ್‌ಬುಕ್ ಕೇಳಿದರು. ಹಾಳೆ ತಿರುವಿದರು, ಮತ್ತೆ ತಿರುವಿದರು. ಇಷ್ಟು ಕೆಂಪಿರೋ ಮನುಷ್ಯನಿಗೆ ಮೂರು ತಿಂಗಳು ನೀಲಿ ಹೆಂಗೆ ಬಂತು, ಯಾರು ನೋಡ್ತಿದ್ದಿದ್ದು ಎಂದು ಗದರಿದರು. ನಾನು ಮಂಚದ ಕಾಲಬದಿಯಲ್ಲಿ ನಿಂತಿದ್ದೆ. ಅಪ್ಪ ನನ್ನ ಮುಖವನ್ನು ಒಂದು ಸಲ ನೋಡಿದರು, ಆಮೇಲೆ ಡಾಕ್ಟರ ಕಡೆ ತಿರುಗಿದರು.

"ನಂದೇ ತಪ್ಪು ಸ್ವಾಮಿ. ಕದ್ದು ತಿಂತಿದ್ದೆ. ನೀಲಿ ಅಂತ ಬರಿ ಅಂತ ಮಗಳಿಗೆ ಹೇಳಿದ್ದೂ ನಾನೇ."

ಅಮ್ಮ ಅವರ ತಲೆಯ ಬಳಿ ನಿಂತಿದ್ದಳು. ಸೆರಗಿನಿಂದ ಅವರ ಹಣೆ ಒರೆಸುತ್ತಿದ್ದವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಈಗ ಹೇಳಬೇಕು ಎಂದು ನನ್ನೊಳಗೆ ಯಾರೋ ಕಿರುಚುತ್ತಿದ್ದರು. ಡಾಕ್ಟರು ನನ್ನನ್ನು ಪಾಪದ ಹುಡುಗಿ ಎಂಬಂತೆ ನೋಡಿ ನೋಟ್‌ಬುಕ್ ವಾಪಸ್ಸು ಕೊಟ್ಟರು. ನಾನು ತೆಗೆದುಕೊಂಡೆ.

ಎರಡು ದಿನದ ಮೇಲೆ ಅಪ್ಪನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ದೀಪಾವಳಿಯನ್ನು ವಾರ್ಡಿನಲ್ಲೇ ಕಳೆದೆವು. ದುರ್ಗದ ಕೋಟೆಯ ಕಡೆಯಿಂದ ಪಟಾಕಿ ಸದ್ದು ಬರುತ್ತಿತ್ತು, ಅಪ್ಪ ಚಾವಣಿ ನೋಡುತ್ತಾ ಮಲಗಿದ್ದರು.

ಮನೆಗೆ ಬಂದ ಮೇಲೆ ಕಚೇರಿಯಲ್ಲಿ ಅವರಿಗೆ ನಕ್ಷೆ ನಕಲು ಮಾಡುವ ಮೇಜು ಕೊಟ್ಟರು. ಊರುಗೋಲು ಗೋಡೆಗೆ ಒರಗಿಸಿ, ಬೇರೆಯವರು ಅಳೆದು ತಂದ ಹೊಲಗಳಿಗೆ ಗೆರೆ ಎಳೆಯುವ ಕೆಲಸ. ಕೆಲಸ ಉಳಿಯಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಒಂದು ಮಧ್ಯಾಹ್ನ ಅಮ್ಮ ನೀರಿಗೆ ಹೋಗಿದ್ದಾಗ ಜಗುಲಿಯಲ್ಲಿ ಅವರ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಕೆಂಪು ಬಂದದ್ದು, ಮೋರಿಗೆ ಸುರಿದದ್ದು, ಅವತ್ತಿನಿಂದ ಬರೆದದ್ದೆಲ್ಲ ಸುಳ್ಳು ಎಂಬುದು. ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿದಾಗಲೇ ತಿಳಿಯಿತು ಎಂದರು. ಅಮ್ಮನಿಗೂ ಹೇಳಿಬಿಡುತ್ತೇನೆ ಎಂದಾಗ ಮಾತ್ರ ಅವರ ದನಿ ಬದಲಾಯಿತು.

"ಹೇಳಿದ್ರೆ ಕಾಲೇನು ಚಿಗುರುತ್ತೇನವ್ವ? ನಿಮ್ಮಮ್ಮ ನನ್ನ ಬೈತಾಳೆ, ಬೈದು ಅನ್ನ ಹಾಕ್ತಾಳೆ, ಮರ್ತು ಮಾತಾಡ್ತಾಳೆ. ನಿನ್ನ ಮ್ಯಾಲೆ ಸಿಟ್ಟು ಬಂದ್ರೆ ಅನ್ನ ಹಾಕ್ತಾಳೆ, ಮಾತಾಡಲ್ಲ. ಅದನ್ನ ನೋಡ್ಕಂಡು ನಾನು ಇರಕ್ಕಾಗಲ್ಲ. ನಂಗೂ ಉಂಡೆ ಬೇಕಿತ್ತು ಅಂತ ಇಟ್ಕ."

ನಾನು ಒಪ್ಪಿದೆ. ಅಪ್ಪನ ಮಾತಿಗೆ ಬೆಲೆ ಕೊಟ್ಟೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಬದುಕಿಕೊಂಡೆ ಎನಿಸಿತ್ತು.

ಅಮ್ಮ ಬೈದಳು. ಒಂದು ವರ್ಷ ಅತ್ತು ಬೈದಳು, ಆಮೇಲೆ ಬರೀ ಬೈದಳು, ಆಮೇಲೆ ಅದು ತಮಾಷೆಯಾಯಿತು. ಸಿಹಿಯ ಡಬ್ಬಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು, ಮನೇಲೇ ಕಳ್ಳ ಅವ್ನೆ ಎಂದು ಬಂದವರಿಗೆ ಹೇಳುತ್ತಿದ್ದಳು. ಅಪ್ಪ ಆ ಸುಳ್ಳಿಗೆ ಉಪ್ಪುಖಾರ ಹಾಕುತ್ತಿದ್ದರು. ಉಂಡೆಯನ್ನು ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದುದು, ಸರಪಳಿಯವನು ನೋಡದಂತೆ ಗಿಡದ ಮರೆಯಲ್ಲಿ ತಿನ್ನುತ್ತಿದ್ದುದು, ಒಂದು ಸಲ ನಾಯಿ ಹಿಂದೆ ಬಿದ್ದದ್ದು. ಒಂದೂ ನಡೆದದ್ದಲ್ಲ. ಆ ಮನುಷ್ಯ ಬದುಕಿನಲ್ಲಿ ಅಮ್ಮ ಕೈಗಿಡದೆ ಒಂದು ಹರಳು ಬೆಲ್ಲ ಬಾಯಿಗೆ ಹಾಕಿಕೊಂಡವರಲ್ಲ. ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ಬೀಗರ ಮುಂದೆ ಅಮ್ಮ ಇದನ್ನೇ ಹೇಳಿದಳು, ಅಪ್ಪ ನಾಯಿಯ ಕಥೆ ಸೇರಿಸಿದರು, ಎಲ್ಲರೂ ಎಲೆಯ ಮುಂದೆ ಬಿದ್ದು ಬಿದ್ದು ನಕ್ಕರು. ಹಿಂದೆಯೇ ಹೋಳಿಗೆಯ ಹೆಡಿಗೆ ಬಂತು. ಅಪ್ಪ ತಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದು ನನಗೆ ಬೇಡ ಎಂದರು. ಅದಕ್ಕೂ ನಕ್ಕರು. ನಾನೂ ನಕ್ಕೆ.

ಅಪ್ಪ ಆಮೇಲೆ ಎಂಟೊಂಬತ್ತು ವರ್ಷ ಇದ್ದರು. ಅಮ್ಮ ಇನ್ನೂ ಇಪ್ಪತ್ತು ವರ್ಷ ಇದ್ದು, ಆ ಕಥೆಯನ್ನು ನನ್ನ ಮಕ್ಕಳಿಗೆ ದಾಟಿಸಿ ಹೋದಳು. ಹೇಳಲು ನನಗೆ ಆ ಇಪ್ಪತ್ತು ವರ್ಷ ಇದ್ದವು. ಪ್ರತಿ ಸಲ ಅವಳಿಗೆ ವಯಸ್ಸಾಯಿತು, ಈಗೇಕೆ ಎಂದು ಒಂದು ನೆಪ ಸಿಗುತ್ತಿತ್ತು. ಹೀಗೆ ನಮ್ಮ ಮನೆತನದಲ್ಲಿ ಅಪ್ಪ ಉಳಿದಿರುವುದು ಗಡಿಕಲ್ಲುಗಳನ್ನು ಕಾಲಲ್ಲಿ ಬಲ್ಲವರಾಗಿ ಅಲ್ಲ, ಉಂಡೆಯ ಆಸೆಗೆ ಕಾಲು ಕಳೆದುಕೊಂಡವರಾಗಿ. ಮಕ್ಕಳು ಮಿಠಾಯಿಗೆ ಕೈ ಹಾಕಿದರೆ ಸಾಕು, ಸರ್ವೇ ತಾತನ ಥರ ಆಗ್ತೀಯ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ಹೋದ ಪಂಚಮಿಗೆ ಚಿತ್ರದುರ್ಗದ ನನ್ನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಶಾರದಕ್ಕನೂ ಬಂದಿದ್ದಳು, ಎಪ್ಪತ್ತು ದಾಟಿದವಳು. ಮೊಮ್ಮಗಳು ಮೂರನೆಯ ಉಂಡೆಗೆ ಕೈ ಚಾಚಿದಳು, ನನ್ನ ಮಗ ಎಂದಿನಂತೆ ಆ ಮಾತು ಹೇಳಿದ, ಎಲ್ಲರೂ ನಕ್ಕರು. ನಾನು ತಟ್ಟೆ ಕೆಳಗಿಟ್ಟು, ಅವರು ಕದ್ದು ತಿಂದಿರಲಿಲ್ಲ ಎಂದೆ. ಆಗ ಎಲ್ಲವನ್ನೂ ಹೇಳಿದೆ. ದೀಪ, ಕೊಳವೆ, ಮೋರಿ, ನೋಟ್‌ಬುಕ್, ಅರ್ಧವಾದ ಮಾತ್ರೆ, ಆಸ್ಪತ್ರೆಯಲ್ಲಿ ಅಪ್ಪ ನನ್ನ ಮುಖ ನೋಡಿದ್ದು. ಮುಗಿದ ಮೇಲೆ ಸೊಸೆಯ ಕಣ್ಣಲ್ಲೂ ನೀರಿತ್ತು. ನಿಮಗೆ ನಿಮ್ಮಪ್ಪ ಅಂದ್ರೆ ಎಷ್ಟು ಪ್ರೀತಿ ಅತ್ತೆ, ಎಂದಳು. ನಾನು ಅಕ್ಕನ ಕಡೆ ನೋಡಿದೆ. ಅವಳಿಗಾದರೂ ತಿಳಿಯಬೇಕು, ಆ ಬುಟ್ಟಿ ಹೊತ್ತು ಹೋದವಳು ಅವಳು.

ಅಕ್ಕ ನನ್ನ ಬೆನ್ನು ಸವರಿದಳು.

"ಸುಮ್ನಿರೆ ವೇಣಿ. ಅಪ್ಪನ ತಪ್ಪನ್ನ ನಿನ್ನ ಮ್ಯಾಲೆ ಹಾಕ್ಕಂಡ್ರೆ ಅವರೇನು ಎದ್ದು ಬರ್ತಾರಾ? ಅವರ ಬಾಯಿ ಚಪಲ ಊರಿಗೇ ಗೊತ್ತಿತ್ತು."

ಮಗ ಟಿವಿಯ ಕಡೆ ತಿರುಗಿದ. ಮೊಮ್ಮಗಳು ಬಂದು ಅಂಗೈಯಿಂದ ನನ್ನ ಕೆನ್ನೆ ಒರೆಸಿದಳು. ಕೆಂಪು ಬಂದಿತ್ತು ಪುಟ್ಟಿ, ನನ್ನ ಕಣ್ಣಾರೆ ನೋಡಿದ್ದೆ ಎಂದು ಅವಳಿಗೆ ಇನ್ನೊಮ್ಮೆ ಹೇಳಿದೆ.

ಆಯ್ತಜ್ಜಿ, ಎಂದಳು, ಚಿಕ್ಕ ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ.